ಪಿತ್ತನಾಳ ಮತ್ತು ಮೇದೋಜೀರಕ ನಾಳದ ದ್ವಾರದ ವ್ಯಾಧಿಗಳು: ಎಂಡೋಸ್ಕೋಪಿಕ್ ಚಿಕಿತ್ಸೆಯ ವ್ಯಾಪ್ತಿ ಮತ್ತು ಮಿತಿ

ಯಕೃತ್ತಿನಲ್ಲಿ ಸ್ರವಿಸುವ ಪಿತ್ತರಸವೂ ಮೇದೋಜೀರಕಾಂಗದಲ್ಲಿ ಸ್ರವಿಸುವ ಜೀರ್ಣರಸವೂ ಬೇರೆ ಬೇರೆ ನಾಳಗಳಲ್ಲಿ ಹರಿದು ಬಂದು, ಬಹುಪಾಲು ಮನುಷ್ಯರಲ್ಲಿ ಒಂದೇ ಬಾಗಿಲಿನ ಮೂಲಕ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್ಮನ್ನು ಸೇರುತ್ತವೆ. ಕರುಳಿನ ಒಳಗೋಡೆಯಲ್ಲಿ ಮೊಲೆತೊಟ್ಟಿನಂತೆ ಸ್ವಲ್ಪ ಉಬ್ಬಿರುವ ಈ ಬಾಗಿಲಿಗೆ 'ಪ್ಯಾಪಿಲ್ಲಾ' ಎಂದು ಹೆಸರು. ಅದರೊಳಗೆ ಎರಡೂ ನಾಳಗಳ ತುದಿಯನ್ನು ಸುತ್ತುವರಿದ ಸ್ನಾಯುವಿನ ಉಂಗುರವೊಂದಿದೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಈ ಉಂಗುರವನ್ನು ವೈದ್ಯಶಾಸ್ತ್ರ 'ಒಡ್ಡಿಯ ಸ್ಫಿಂಕ್ಟರ್' ಎಂದು ಗುರುತಿಸುತ್ತದೆ. ಗಾತ್ರದಲ್ಲಿ ಇಷ್ಟು ಅಲ್ಪವಾದ ಇನ್ನೊಂದು ಸ್ನಾಯುವಿನ ಮೇಲೆ ಇಷ್ಟೊಂದು ಶಸ್ತ್ರಪ್ರಯೋಗ ನಡೆದಿರುವುದು, ಮತ್ತು ಆ ಪ್ರಯೋಗದ ಔಚಿತ್ಯ ಇಷ್ಟು ದೀರ್ಘಕಾಲ ಚರ್ಚೆಗೆ ಒಳಗಾಗಿರುವುದು ಅಪರೂಪ. ಹೊಟ್ಟೆಯನ್ನು ಕೊಯ್ಯದೆ, ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪಿನಿಂದ ಈ ಉಂಗುರವನ್ನು ಛೇದಿಸುವ ವಿಧಾನ ಸಹಸ್ರಾರು ಜೀವಗಳನ್ನು ಉಳಿಸಿದೆ. ಅದೇ ವಿಧಾನ ಕಲ್ಲಿಲ್ಲದ, ಊತವಿಲ್ಲದ, ಬರೀ ನೋವಿನ ರೋಗಿಗಳಿಗೂ ವಿಸ್ತರಿಸಿದಾಗ ಏನಾಯಿತು ಎಂಬುದು ಈ ವಿಷಯದ ಅತ್ಯಂತ ಮುಖ್ಯವಾದ ಅಧ್ಯಾಯ.

ರಚನೆ ಮತ್ತು ಕಾರ್ಯ

ಒಡ್ಡಿಯ ಸ್ಫಿಂಕ್ಟರ್ ಒಂದೇ ಉಂಗುರವೆಂಬಂತೆ ಹೆಸರು ಪಡೆದಿದ್ದರೂ ವಾಸ್ತವವಾಗಿ ಅದು ಮೂರು ಭಾಗಗಳ ಸಮೂಹ. ಪಿತ್ತನಾಳದ ತುದಿಯನ್ನು ಸುತ್ತುವ ಭಾಗ ಒಂದು, ಮೇದೋಜೀರಕ ನಾಳದ ತುದಿಯನ್ನು ಸುತ್ತುವ ಭಾಗ ಇನ್ನೊಂದು, ಇವೆರಡೂ ಕೂಡಿದ ನಂತರದ ಸಾಮಾನ್ಯ ಮಾರ್ಗವನ್ನು ಸುತ್ತುವ ಭಾಗ ಮೂರನೆಯದು. ಈ ವಿವರ ಚಿಕಿತ್ಸೆಯ ದೃಷ್ಟಿಯಿಂದ ಮಹತ್ವದ್ದು. ಪಿತ್ತನಾಳದ ಭಾಗವನ್ನು ಛೇದಿಸಿದ ಮಾತ್ರಕ್ಕೆ ಮೇದೋಜೀರಕ ನಾಳದ ಭಾಗ ಸಡಿಲವಾಗಬೇಕೆಂಬ ನಿಯಮವಿಲ್ಲ. ಒಂದನ್ನು ತೆರೆಯಲು ಹೋಗಿ ಮತ್ತೊಂದಕ್ಕೆ ಪೆಟ್ಟು ತಗಲುವ ಸಾಧ್ಯತೆಯಂತೂ ಸದಾ ಇರುತ್ತದೆ.

ಈ ಉಂಗುರ ಸುಮ್ಮನೆ ಬಿಗಿದುಕೊಂಡಿರುವ ಕಟ್ಟಲ್ಲ. ಅದಕ್ಕೆ ತನ್ನದೇ ಆದ ಒಂದು ಸ್ಥಾಯಿ ಒತ್ತಡವಿದೆ; ಅದರ ಮೇಲೆ ನಿಮಿಷಕ್ಕೆ ಕೆಲವು ಬಾರಿ ಅಲೆಯಂತೆ ಸಂಕೋಚನಗಳು ಬಂದು ಹೋಗುತ್ತವೆ. ಹಸಿದಿರುವಾಗ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದರಿಂದ ಪಿತ್ತರಸ ಹಿಂದಕ್ಕೆ ತಿರುಗಿ ಪಿತ್ತಕೋಶವನ್ನು ಸೇರುತ್ತದೆ, ಅಲ್ಲಿ ನೀರಿನಂಶ ಹೀರಲ್ಪಟ್ಟು ಗಟ್ಟಿಯಾಗುತ್ತದೆ. ಜಿಡ್ಡಿನ ಆಹಾರ ಕರುಳಿಗೆ ಇಳಿದ ಕೂಡಲೇ ಕರುಳಿನ ಗೋಡೆಯಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಐವಿ ಮತ್ತು ಓಲ್ಡ್‌ಬರ್ಗ್ 1928ರಲ್ಲಿ ಗುರುತಿಸಿದ ಈ ಹಾರ್ಮೋನು ಪಿತ್ತಕೋಶವನ್ನು ಹಿಂಡುತ್ತದೆ, ಅದೇ ಹೊತ್ತಿಗೆ ಒಡ್ಡಿಯ ಸ್ಫಿಂಕ್ಟರನ್ನು ಸಡಿಲಗೊಳಿಸುತ್ತದೆ. ಹಿಂಡುವುದೂ ಬಾಗಿಲು ತೆರೆಯುವುದೂ ಹೀಗೆ ಒಂದೇ ಆಜ್ಞೆಗೆ ಒಳಪಟ್ಟಿವೆ. ಕರುಳಿನಲ್ಲಿರುವ ಪದಾರ್ಥ, ಸೂಕ್ಷ್ಮಾಣುಗಳು ನಾಳದೊಳಕ್ಕೆ ಹಿಮ್ಮುಖವಾಗಿ ನುಗ್ಗದಂತೆ ತಡೆಯುವುದೂ ಈ ಉಂಗುರದ ಹೊಣೆ.

ಔಷಧಗಳು ಈ ಬಾಗಿಲಿನ ಮೇಲೆ ಬೀರುವ ಪ್ರಭಾವವೂ ಗಮನಾರ್ಹ. ನೈಟ್ರೋಗ್ಲಿಸರಿನ್ ಅದನ್ನು ಸಡಿಲಿಸಿದರೆ ಅಫೀಮಿನ ವರ್ಗದ ಔಷಧಗಳು ಬಿಗಿಗೊಳಿಸುತ್ತವೆ. ದೀರ್ಘಕಾಲ ಅಫೀಮು ಸೇವಿಸುವವರಲ್ಲಿ ಯಾವ ತಡೆಯೂ ಕಾಣದಿದ್ದಾಗ್ಯೂ ಪಿತ್ತನಾಳ ಹಿಗ್ಗಿರುವುದು ವರದಿಯಾಗಿದೆ. ಪಿತ್ತಕೋಶ ತೆಗೆಸಿಕೊಂಡ ಕೆಲವರಿಗೆ ಕೆಮ್ಮಿಗೋ ನೋವಿಗೋ ಕೊಟ್ಟ ಕೊಡೀನ್ ತೀವ್ರ ಹೊಟ್ಟೆನೋವು ತರುವುದುಂಟು. ಕರುಳಿನ ತೊಂದರೆಗೆಂದು ಬಳಕೆಗೆ ಬಂದ ಎಲಕ್ಸಡೊಲಿನ್ ಎಂಬ ಔಷಧ ಇದೇ ಗುಣದಿಂದ ಪಿತ್ತಕೋಶವಿಲ್ಲದವರಲ್ಲಿ ಮೇದೋಜೀರಕಾಂಗದ ಉರಿಯೂತವನ್ನು ಉಂಟುಮಾಡುವುದು ಕಂಡುಬಂದಾಗ, ಅಂಥವರಿಗೆ ಅದನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ಪಿತ್ತಕೋಶವೆಂಬ ಸಂಗ್ರಹಾಗಾರ ಇರುವವರೆಗೆ ಬಾಗಿಲಿನ ಬಿಗಿತದಿಂದ ಹುಟ್ಟುವ ಒತ್ತಡ ಅದರೊಳಗೆ ಹಂಚಿಹೋಗುತ್ತದೆ, ಅದು ಹೋದ ಮೇಲೆ ನಾಳವೇ ಆ ಒತ್ತಡವನ್ನು ಭರಿಸಬೇಕಾಗುತ್ತದೆ ಎಂಬುದು ಇದಕ್ಕೆ ಕೊಡಲಾಗುವ ವಿವರಣೆ.

ಹೆಸರಿನ ಹಿಂದಿನ ವ್ಯಕ್ತಿ

ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ 1654ರಲ್ಲಿ ಪ್ರಕಟಿಸಿದ ಯಕೃತ್ತಿನ ಅಂಗರಚನೆಯ ಗ್ರಂಥದಲ್ಲಿಯೇ ನಾಳದ ತುದಿಯ ವರ್ತುಲಾಕಾರದ ನಾರುಗಳನ್ನು ಪ್ರಸ್ತಾಪಿಸಿದ್ದನು. ಜರ್ಮನಿಯ ಅಬ್ರಹಾಂ ವ್ಯಾಟರ್ 1720ರಲ್ಲಿ ಪ್ಯಾಪಿಲ್ಲಾವನ್ನು ವರ್ಣಿಸಿದನು. ಅದು ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ಆದರೆ ಉಂಗುರದ ಹೆಸರು ಸಂದದ್ದು ಇಟಲಿಯ ಪೆರೂಜಾದಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ರುಜ್ಜೆರೊ ಒಡ್ಡಿಗೆ. 1887ರಲ್ಲಿ, ತನ್ನ ಇಪ್ಪತ್ತಮೂರರ ಹರೆಯದಲ್ಲಿ, ಈತ ಆ ಸ್ನಾಯುವನ್ನು ವಿವರಿಸಿದ್ದಲ್ಲದೆ ನಾಯಿಗಳಲ್ಲಿ ಅದು ಒಡ್ಡುವ ಪ್ರತಿರೋಧವನ್ನೂ ಅಳೆದನು. ಪಿತ್ತಕೋಶವನ್ನು ತೆಗೆದ ನಾಯಿಗಳಲ್ಲಿ ಪಿತ್ತನಾಳಗಳು ಹಿಗ್ಗುವುದನ್ನೂ ಗುರುತಿಸಿದನು. ಮುಂದೆ ನೂರು ವರ್ಷಗಳ ಕಾಲ ಚಿಕಿತ್ಸಕರನ್ನು ಕಾಡಲಿದ್ದ ಪ್ರಶ್ನೆ ಈ ಅವಲೋಕನದಲ್ಲಿಯೇ ಅಡಗಿತ್ತು. ಒಡ್ಡಿಯ ಉಳಿದ ಬದುಕು ದುಃಖಕರವಾದದ್ದು. ಚಿಕ್ಕ ವಯಸ್ಸಿನಲ್ಲಿಯೇ ಜೆನೋವಾದಲ್ಲಿ ಶರೀರಕ್ರಿಯಾಶಾಸ್ತ್ರದ ಪೀಠಕ್ಕೇರಿದ ಈತ ಮಾದಕ ವಸ್ತುವಿನ ಚಟ ಮತ್ತು ಹಣಕಾಸಿನ ಅವ್ಯವಸ್ಥೆಯ ಕಾರಣದಿಂದ 1900ರಲ್ಲಿ ಹುದ್ದೆ ಕಳೆದುಕೊಂಡನು. ಬೆಲ್ಜಿಯನ್ನರ ಅಧೀನದಲ್ಲಿದ್ದ ಕಾಂಗೋದಲ್ಲಿ ಕೆಲಕಾಲ ವೈದ್ಯನಾಗಿದ್ದು, 1913ರಲ್ಲಿ ಟ್ಯೂನಿಸ್‌ನಲ್ಲಿ ತೀರಿಕೊಂಡನು.

ಈ ಬಾಗಿಲಿನ ರೋಗಮಹತ್ವವನ್ನು ಮನಗಾಣಿಸಿದ್ದು ಅಮೆರಿಕದ ಯೂಜೀನ್ ಓಪಿ. ಮೇದೋಜೀರಕಾಂಗದ ತೀವ್ರ ಉರಿಯೂತದಿಂದ ಸತ್ತ ರೋಗಿಯೊಬ್ಬನ ಶವಪರೀಕ್ಷೆಯಲ್ಲಿ ಪ್ಯಾಪಿಲ್ಲಾದ ಬಾಯಿಗೆ ಪುಟ್ಟ ಪಿತ್ತದ ಕಲ್ಲೊಂದು ಅಡ್ಡಲಾಗಿ ಕುಳಿತಿದ್ದುದನ್ನು 1901ರಲ್ಲಿ ಓಪಿ ವರದಿ ಮಾಡಿದನು. ಯಕೃತ್ತಿನ ಮಾರ್ಗದಲ್ಲಿ ಹುಟ್ಟಿದ ಕಲ್ಲು ಪಕ್ಕದ ಅಂಗವನ್ನು ಕೆಡಿಸಬಲ್ಲುದು ಎಂಬ ತಿಳಿವಳಿಕೆಗೆ ಅಲ್ಲಿಂದ ನೆಲೆ ದೊರೆಯಿತು.

ಶಸ್ತ್ರಕ್ರಿಯೆಯಿಂದ ಎಂಡೋಸ್ಕೋಪಿಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಎಪ್ಪತ್ತರ ದಶಕದವರೆಗೆ ಈ ಬಾಗಿಲನ್ನು ಮುಟ್ಟಬೇಕಾದರೆ ಹೊಟ್ಟೆಯನ್ನು ತೆರೆದು, ನಾಳವನ್ನೋ ಡ್ಯುವೋಡಿನಮ್ಮನ್ನೋ ಕೊಯ್ಯುವುದು ಅನಿವಾರ್ಯವಾಗಿತ್ತು. ಕಾಮಾಲೆಯಿಂದ ಬಳಲಿದ, ಸೋಂಕು ತಗುಲಿದ, ವಯಸ್ಸಾದ ರೋಗಿಗೆ ಅದು ಸಣ್ಣ ಗಂಡಾಂತರವಲ್ಲ. 1968ರಲ್ಲಿ ವಾಷಿಂಗ್ಟನ್ನಿನ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು ಎಂಡೋಸ್ಕೋಪಿನ ನೆರವಿನಿಂದ ಪ್ಯಾಪಿಲ್ಲಾದೊಳಕ್ಕೆ ಸಣ್ಣ ನಳಿಕೆಯೊಂದನ್ನು ತೂರಿಸಿದುದನ್ನು ಪ್ರಕಟಿಸಿದರು. ಜಪಾನಿನ ಇಟಾರು ಓಯಿ ಮೊದಲಾದವರು ಪಕ್ಕಕ್ಕೆ ನೋಡುವ ಎಂಡೋಸ್ಕೋಪುಗಳನ್ನು ಬಳಸಿ ಆ ಕೌಶಲವನ್ನು ಒಂದು ಕ್ರಮಬದ್ಧ ವಿಧಾನವಾಗಿ ಬೆಳೆಸಿದರು. ನಾಳಗಳಿಗೆ ಹಿಮ್ಮುಖವಾಗಿ ಬಣ್ಣದ ದ್ರವ ತುಂಬಿ ಕ್ಷಕಿರಣ ಚಿತ್ರ ತೆಗೆಯುವ ಈ ವಿಧಾನವೇ ಇಂದು ಆಸ್ಪತ್ರೆಗಳಲ್ಲಿ ಇ.ಆರ್.ಸಿ.ಪಿ. ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವುದು. ನೋಡುವುದರಿಂದ ಮಾಡುವುದಕ್ಕೆ ದಾಟಲು ಹೆಚ್ಚು ಕಾಲ ಹಿಡಿಯಲಿಲ್ಲ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕ್ಯೋಟೋದಲ್ಲಿ ಕವಾಯಿ, ಪರಸ್ಪರ ಸಂಬಂಧವಿಲ್ಲದೆ, 1974ರಲ್ಲಿ ಎಂಡೋಸ್ಕೋಪಿನ ಮೂಲಕ ಸ್ಫಿಂಕ್ಟರ್ ಛೇದನ ಮಾಡಿದ ವರದಿಗಳನ್ನು ಪ್ರಕಟಿಸಿದರು.

ವಿಧಾನ ಸ್ಥೂಲವಾಗಿ ಹೀಗಿದೆ. ರೋಗಿಯನ್ನು ಅರಿವಳಿಕೆ ಅಥವಾ ಮಂಪರು ಬರಿಸುವ ಔಷಧದ ಪ್ರಭಾವದಲ್ಲಿ ಬೋರಲಾಗಿ ಮಲಗಿಸಿ, ಬಾಯಿಯ ಮೂಲಕ ಎಂಡೋಸ್ಕೋಪನ್ನು ಜಠರ ದಾಟಿಸಿ ಡ್ಯುವೋಡಿನಮ್ಮಿಗೆ ಇಳಿಸುತ್ತಾರೆ. ಪ್ಯಾಪಿಲ್ಲಾ ಕರುಳಿನ ಪಕ್ಕದ ಗೋಡೆಯಲ್ಲಿರುವುದರಿಂದ ಈ ಎಂಡೋಸ್ಕೋಪಿನ ಕಣ್ಣು ತುದಿಯಲ್ಲಿರದೆ ಪಕ್ಕದಲ್ಲಿರುತ್ತದೆ. ಒಳಗಿಂದ ಹೊರಬರುವ ಉಪಕರಣದ ಮೂತಿಯನ್ನು ಮೇಲಕ್ಕೆತ್ತಲು ಅಲ್ಲೊಂದು ಪುಟ್ಟ ಸನ್ನೆಯೂ ಇರುತ್ತದೆ. ಮೊದಲು ಮೃದುವಾದ ಮಾರ್ಗದರ್ಶಿ ತಂತಿಯನ್ನು ಪಿತ್ತನಾಳದೊಳಕ್ಕೆ ಸೇರಿಸಿ, ಅದರ ಮೇಲೆ ಛೇದನದ ನಳಿಕೆಯನ್ನು ಜಾರಿಸುತ್ತಾರೆ. ಆ ನಳಿಕೆಯ ತುದಿಯಲ್ಲಿ ಬಿಲ್ಲಿಗೆ ಕಟ್ಟಿದ ಹೆದೆಯಂತೆ ಸೆಳೆಯಬಹುದಾದ ಲೋಹದ ತಂತಿ ಇದೆ. ಅದರಲ್ಲಿ ವಿದ್ಯುತ್ ಹರಿಸಿದಾಗ ಸ್ನಾಯು ಕತ್ತರಿಸಲ್ಪಡುತ್ತದೆ, ರಕ್ತನಾಳಗಳು ಅದೇ ಉಷ್ಣಕ್ಕೆ ಮುಚ್ಚಿಕೊಳ್ಳುತ್ತವೆ. ಪರದೆಯ ಮೇಲೆ ಕಾಣುವ ಪ್ಯಾಪಿಲ್ಲಾವನ್ನು ಗಡಿಯಾರದ ಮುಖವೆಂದು ಕಲ್ಪಿಸಿಕೊಂಡರೆ ಪಿತ್ತನಾಳದ ಛೇದನ ಹನ್ನೊಂದು ಮತ್ತು ಒಂದು ಗಂಟೆಗಳ ನಡುವಿನ ದಿಕ್ಕಿನಲ್ಲಿ ಸಾಗಬೇಕು. ದಿಕ್ಕು ತಪ್ಪಿದರೆ ರಕ್ತಸ್ರಾವವೋ ಕರುಳಿನ ತೂತೋ ಕಾದಿರುತ್ತದೆ. ಬಾಗಿಲು ತೆರೆದ ಮೇಲೆ ತಂತಿಯ ಬುಟ್ಟಿಯಿಂದಲೋ ಗಾಳಿ ತುಂಬಿದ ಪುಟ್ಟ ಬಲೂನಿನಿಂದಲೋ ಕಲ್ಲನ್ನು ಎಳೆದು ಕರುಳಿಗೆ ಬೀಳಿಸುತ್ತಾರೆ. ಅದು ಮಲದೊಡನೆ ಹೊರಹೋಗುತ್ತದೆ.

ಉಂಗುರವನ್ನು ಕತ್ತರಿಸದೆ ಬಲೂನಿನಿಂದ ಹಿಗ್ಗಿಸಿದರೆ ಸಾಲದೇ ಎಂಬ ಆಲೋಚನೆ ಎಂಬತ್ತರ ದಶಕದಲ್ಲಿ ಬಂದಿತು. ಸ್ನಾಯುವನ್ನು ಉಳಿಸುವ ಆ ಉದ್ದೇಶ ಪ್ರಶಂಸನೀಯವಾದದ್ದೇ. ಆದರೆ ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ತೌಲನಿಕ ಪ್ರಯೋಗವೊಂದರಲ್ಲಿ ಬಲೂನಿನ ಗುಂಪಿನ ಇಬ್ಬರು ಮೇದೋಜೀರಕಾಂಗದ ಉರಿಯೂತದಿಂದ ಮೃತಪಟ್ಟು, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಮೊದಲು ಸಣ್ಣದಾಗಿ ಛೇದಿಸಿ ನಂತರ ದೊಡ್ಡ ಬಲೂನಿನಿಂದ ಹಿಗ್ಗಿಸುವ ಸಂಯುಕ್ತ ಕ್ರಮವನ್ನು ಟರ್ಕಿಯ ತಜ್ಞರು 2003ರಲ್ಲಿ ವರದಿ ಮಾಡಿದರು. ದೊಡ್ಡ ಕಲ್ಲುಗಳಿಗೆ ಇಂದು ಅದು ರೂಢಿಯಲ್ಲಿದೆ.

ಪ್ರಯೋಜನ ನಿರ್ವಿವಾದವಾದ ಸಂದರ್ಭಗಳು

ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಅದರ ಹಿಂದೆ ನಿಂತ ಪಿತ್ತದಲ್ಲಿ ಸೋಂಕು ಹಬ್ಬಿ, ಚಳಿಜ್ವರ, ಕಾಮಾಲೆ, ರಕ್ತದೊತ್ತಡದ ಕುಸಿತ ಕಾಣಿಸಿಕೊಂಡ ರೋಗಿಯ ಪಾಲಿಗೆ ಈ ವಿಧಾನ ನಿಜವಾದ ಜೀವದಾನ. ಹಾಂಗ್‌ಕಾಂಗ್‌ನಲ್ಲಿ ಇಂಥ 82 ಮಂದಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ತೆರೆದ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಎಂಡೋಸ್ಕೋಪಿನ ಮೂಲಕ ಪಿತ್ತ ಹರಿಸುವ ಚಿಕಿತ್ಸೆಯನ್ನೂ ನೀಡಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇಕಡಾ 32ರಷ್ಟು ರೋಗಿಗಳು ಆಸ್ಪತ್ರೆಯಲ್ಲಿಯೇ ಸಾವಿಗೀಡಾದರೆ ಎಂಡೋಸ್ಕೋಪಿಯ ಗುಂಪಿನಲ್ಲಿ ಆ ಪ್ರಮಾಣ ಶೇಕಡಾ 10. ಇಷ್ಟು ಸ್ಪಷ್ಟವಾದ ಅಂತರ ವೈದ್ಯಕೀಯ ಪ್ರಯೋಗಗಳಲ್ಲಿ ಆಗಾಗ ಕಾಣಸಿಗುವಂಥದಲ್ಲ. ಪಿತ್ತಕೋಶದ ಶಸ್ತ್ರಕ್ರಿಯೆಯ ನಂತರ ಪಿತ್ತ ಸೋರುವುದು, ಗಂತಿಯಿಂದ ನಾಳ ಮುಚ್ಚುವುದು ಮುಂತಾದ ಸಂದರ್ಭಗಳಲ್ಲಿಯೂ ನಾಳದೊಳಗೆ ಆಧಾರ ನಳಿಕೆಯನ್ನಿಡುವ ಉಪಾಯ, 1979-80ರ ಸುಮಾರಿಗೆ ಹ್ಯಾಂಬರ್ಗಿನ ಸೋಹೆಂದ್ರ ಅವರ ಕೆಲಸದಿಂದ ಬೆಳೆದುದು, ಈಗ ಮೊದಲ ಆಯ್ಕೆಯಾಗಿದೆ.

ಕಲ್ಲಿನಿಂದ ಉಂಟಾದ ಮೇದೋಜೀರಕಾಂಗದ ಉರಿಯೂತದಲ್ಲಿ ಮಾತ್ರ ಈ ಉತ್ಸಾಹಕ್ಕೆ ಕಡಿವಾಣ ಬಿದ್ದಿದೆ. ಕಲ್ಲನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದೆಂಬುದು ಬಹುಕಾಲದ ನಂಬಿಕೆ. ನೆದರ್‌ಲ್ಯಾಂಡ್ಸಿನ 26 ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಳದ ಸೋಂಕಿಲ್ಲದ ರೋಗಿಗಳಿಗೆ ತುರ್ತಾಗಿ ಛೇದನ ಮಾಡಿದಾಗ ಸಾವು ಅಥವಾ ಗಂಭೀರ ತೊಡಕಿನ ಪ್ರಮಾಣ ಶೇಕಡಾ 38, ಕಾದು ನೋಡಿದಾಗ ಶೇಕಡಾ 44. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲುವಷ್ಟು ದೊಡ್ಡದಾಗಿರಲಿಲ್ಲ. ಸೋಂಕು ಇದ್ದರೆ ತಡಮಾಡದೆ ತೆರೆಯಬೇಕು, ಇಲ್ಲದಿದ್ದರೆ ಬಹುಪಾಲು ಕಲ್ಲುಗಳು ತಾವೇ ದಾಟಿಹೋಗಲು ಅವಕಾಶ ಕೊಡಬಹುದು ಎಂಬಲ್ಲಿಗೆ ಈಗ ಅಭಿಪ್ರಾಯ ನೆಲೆಗೊಂಡಿದೆ.

ಭಾರತದ ಅನುಭವದಲ್ಲಿ ಈ ಬಾಗಿಲಿನ ಕಥೆಗೆ ಇನ್ನೊಂದು ಮುಖವಿದೆ. ಕಾಶ್ಮೀರದಲ್ಲಿ ಕರುಳಿನ ಜಂತುಹುಳು ಪ್ಯಾಪಿಲ್ಲಾದ ಮೂಲಕ ಪಿತ್ತನಾಳಕ್ಕೋ ಮೇದೋಜೀರಕ ನಾಳಕ್ಕೋ ನುಗ್ಗಿ ತೀವ್ರ ನೋವು, ಸೋಂಕು, ಉರಿಯೂತಗಳನ್ನು ಉಂಟುಮಾಡುವುದು ಬಹು ಸಾಮಾನ್ಯವಾಗಿತ್ತು. ಶ್ರೀನಗರದ ಎಂ.ಎಸ್. ಖುರೂ ಮತ್ತು ಸಹೋದ್ಯೋಗಿಗಳು ಇಂಥ 500 ರೋಗಿಗಳ ಅಧ್ಯಯನವನ್ನು 1990ರಲ್ಲಿ ಪ್ರಕಟಿಸಿದರು. ಪ್ಯಾಪಿಲ್ಲಾದಿಂದ ಅರ್ಧ ಹೊರಚಾಚಿಕೊಂಡಿರುವ ಹುಳುವನ್ನು ಎಂಡೋಸ್ಕೋಪಿನಲ್ಲಿ ಕಂಡು ಹಿಡಿದೆಳೆದರೆ ನೋವು ಕೂಡಲೇ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹಿಂದೆಂದೋ ಸ್ಫಿಂಕ್ಟರ್ ಛೇದನಕ್ಕೊಳಗಾದವರಲ್ಲಿ ಹುಳುಗಳು ನಾಳವನ್ನು ಇನ್ನಷ್ಟು ಸುಲಭವಾಗಿ ಹೊಗುತ್ತವೆ. ಜಂತುಬಾಧೆ ಹೆಚ್ಚಾಗಿರುವ ಪ್ರದೇಶಗಳಲ್ಲಿ ಈ ಉಂಗುರವನ್ನು ಕಾರಣವಿಲ್ಲದೆ ಕತ್ತರಿಸಬಾರದು ಎನ್ನುವುದಕ್ಕೆ ಇದು ಪಾಶ್ಚಾತ್ಯ ಗ್ರಂಥಗಳಲ್ಲಿ ಅಷ್ಟಾಗಿ ಒತ್ತು ಸಿಗದ ಆಧಾರ.

ತೆರಬೇಕಾದ ಬೆಲೆ

ಅಮೆರಿಕ ಮತ್ತು ಕೆನಡಾದ 17 ಸಂಸ್ಥೆಗಳಲ್ಲಿ ಛೇದನಕ್ಕೆ ಒಳಗಾದ 2,347 ರೋಗಿಗಳನ್ನು ಅನುಸರಿಸಿದ ಫ್ರೀಮನ್ ಮತ್ತು ಸಂಗಡಿಗರ ಅಧ್ಯಯನ 1996ರಲ್ಲಿ ಹೊರಬಂದಿತು. ಒಟ್ಟಾರೆ ತೊಡಕುಗಳ ಪ್ರಮಾಣ ಶೇಕಡಾ 9.8. ಇದರಲ್ಲಿ ಮೇದೋಜೀರಕಾಂಗದ ಉರಿಯೂತ ಶೇಕಡಾ 5.4, ರಕ್ತಸ್ರಾವ ಶೇಕಡಾ 2. ಆದರೆ ಈ ಸರಾಸರಿಯೊಳಗೆ ಒಂದು ಕಟು ಸತ್ಯ ಅಡಗಿತ್ತು. ಪಿತ್ತಕೋಶವನ್ನು ಲ್ಯಾಪರೋಸ್ಕೋಪಿಯಿಂದ ತೆಗೆಯುವ ಆಸುಪಾಸಿನಲ್ಲಿ ನಾಳದ ಕಲ್ಲು ತೆಗೆಸಿಕೊಂಡವರಲ್ಲಿ ತೊಡಕುಗಳು ಶೇಕಡಾ 5ಕ್ಕೂ ಕಡಿಮೆಯಿದ್ದರೆ, ಸ್ಫಿಂಕ್ಟರಿನ ಕಾರ್ಯದೋಷವಿದೆಯೆಂಬ ಶಂಕೆಯಿಂದ ಛೇದನ ಮಾಡಿಸಿಕೊಂಡವರಲ್ಲಿ ಶೇಕಡಾ 21.7ರಷ್ಟಿದ್ದವು. ಅಂದರೆ ಯಾರಿಗೆ ಅಗತ್ಯ ಅತ್ಯಂತ ಅಸ್ಪಷ್ಟವೋ ಅವರೇ ಅತ್ಯಂತ ಹೆಚ್ಚು ಅಪಾಯಕ್ಕೆ ಗುರಿಯಾಗುತ್ತಿದ್ದರು. ಈ ಉರಿಯೂತ ಬಹುಮಂದಿಯಲ್ಲಿ ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಕೆಲವರಲ್ಲಿ ಅಂಗದ ಭಾಗವೇ ಕೊಳೆತು ತಿಂಗಳುಗಟ್ಟಲೆ ಆಸ್ಪತ್ರೆವಾಸ, ಅಪರೂಪಕ್ಕೆ ಸಾವು ಸಂಭವಿಸುತ್ತದೆ. ಹೊಟ್ಟೆನೋವೆಂದು ನಡೆದುಕೊಂಡು ಬಂದ ಮಧ್ಯವಯಸ್ಸಿನ ವ್ಯಕ್ತಿಯ ಪಾಲಿಗೆ ಇದು ಸಾಮಾನ್ಯ ನಷ್ಟವಲ್ಲ.

ಅಪಾಯವನ್ನು ತಗ್ಗಿಸುವ ಉಪಾಯಗಳು ಕ್ರಮೇಣ ದೊರೆತಿವೆ. ಮೇದೋಜೀರಕ ನಾಳದೊಳಗೆ ತಾತ್ಕಾಲಿಕವಾಗಿ ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನಿಡುವುದು ಒಂದು. ಗುದದ್ವಾರದ ಮೂಲಕ 100 ಮಿಲಿಗ್ರಾಂ ಇಂಡೊಮೆಥಾಸಿನ್ ಕೊಡುವುದು ಮತ್ತೊಂದು. 602 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಅಗ್ಗದ ಔಷಧ ಉರಿಯೂತದ ಪ್ರಮಾಣವನ್ನು ಶೇಕಡಾ 16.9ರಿಂದ 9.2ಕ್ಕೆ ಇಳಿಸಿತು. ಬಣ್ಣದ ದ್ರವಕ್ಕೆ ಬದಲಾಗಿ ತಂತಿಯನ್ನೇ ಮುಂದೆ ಬಿಟ್ಟು ನಾಳವನ್ನು ಹುಡುಕುವುದು, ರಕ್ತನಾಳದ ಮೂಲಕ ಧಾರಾಳವಾಗಿ ದ್ರವ ಕೊಡುವುದು ಸಹ ನೆರವಾಗುತ್ತವೆ. ಎಲ್ಲಕ್ಕಿಂತ ಪರಿಣಾಮಕಾರಿಯಾದ ಉಪಾಯವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2002ರಲ್ಲಿ ಕರೆದ ತಜ್ಞರ ಸಮಾವೇಶ ನೇರವಾಗಿ ಹೇಳಿತು: ಅನಗತ್ಯವಾದ ಇ.ಆರ್.ಸಿ.ಪಿ.ಯನ್ನು ಮಾಡದಿರುವುದು. ಕಾಂತೀಯ ಅನುರಣನ ಚಿತ್ರಣವೂ ಎಂಡೋಸ್ಕೋಪಿನ ತುದಿಗೆ ಅಳವಡಿಸಿದ ಶ್ರವಣಾತೀತ ಧ್ವನಿ ಪರೀಕ್ಷೆಯೂ ಲಭ್ಯವಾದ ಮೇಲೆ, ಬರೀ ನೋಡುವುದಕ್ಕಾಗಿ ನಾಳದೊಳಗೆ ಕೈಹಾಕುವ ಅಗತ್ಯ ಬಹುಮಟ್ಟಿಗೆ ಇಲ್ಲವಾಗಿದೆ.

ಕಲ್ಲಿಲ್ಲದ ನೋವು

ಪಿತ್ತಕೋಶ ತೆಗೆಸಿಕೊಂಡ ಮೇಲೂ ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ, ಬಲಪಕ್ಕೆಯ ಕೆಳಗೆ, ಹಿಂದಿನಂತೆಯೇ ನೋವು ಮರುಕಳಿಸುತ್ತದೆ. ಚಿತ್ರಣದಲ್ಲಿ ಕಲ್ಲಿಲ್ಲ, ಗಂತಿಯಿಲ್ಲ. ದೋಷ ಬಾಗಿಲಿನದೇ ಇರಬಹುದೆಂಬ ಊಹೆ ಇಲ್ಲಿ ಸಹಜವಾಗಿ ಮೂಡುತ್ತದೆ. ಅಮೆರಿಕದ ಮಿಲ್ವಾಕಿಯ ಹೋಗನ್ ಮತ್ತು ಗೀನನ್ ಇಂಥ ರೋಗಿಗಳನ್ನು 1988ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿದರು. ನೋವಿನ ಜೊತೆಗೆ ಯಕೃತ್ತಿನ ಕಿಣ್ವಗಳು ಏರಿದ್ದು, ನಾಳ ಹಿಗ್ಗಿದ್ದು, ಬಣ್ಣದ ದ್ರವ ಬರಿದಾಗಲು ಮುಕ್ಕಾಲು ಗಂಟೆಗಿಂತ ಹೆಚ್ಚು ಕಾಲ ಹಿಡಿದರೆ ಅದು ಮೊದಲನೆಯ ವರ್ಗ. ಇವುಗಳಲ್ಲಿ ಒಂದೋ ಎರಡೋ ಚಿಹ್ನೆ ಮಾತ್ರ ಇದ್ದರೆ ಎರಡನೆಯದು. ನೋವಲ್ಲದೆ ಬೇರೆ ಯಾವ ಚಿಹ್ನೆಯೂ ಇಲ್ಲದಿದ್ದರೆ ಮೂರನೆಯದು. ಮೊದಲ ವರ್ಗದವರಲ್ಲಿ ಬಾಗಿಲು ನಿಜವಾಗಿಯೂ ಕಿರಿದಾಗಿರುತ್ತದೆ, ಛೇದನದಿಂದ ನೋವು ಹೋಗುತ್ತದೆ, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎರಡನೆಯ ವರ್ಗದವರಿಗಾಗಿ ಒತ್ತಡಮಾಪನ ಬಳಕೆಗೆ ಬಂದಿತು. ಸಣ್ಣ ನಳಿಕೆಯನ್ನು ಸ್ಫಿಂಕ್ಟರಿನ ಮಟ್ಟದಲ್ಲಿ ನಿಲ್ಲಿಸಿ ಅದರ ಸ್ಥಾಯಿ ಒತ್ತಡವನ್ನು ಅಳೆಯುವುದು, 40 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚಿದ್ದರೆ ಅಸಹಜವೆಂದು ಪರಿಗಣಿಸುವುದು ಅದರ ಕ್ರಮ. ಗೀನನ್ ಮತ್ತು ಸಂಗಡಿಗರು ಈ ವರ್ಗದ 47 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಛೇದನವನ್ನೂ ಉಳಿದವರಿಗೆ ಹುಸಿ ಛೇದನವನ್ನೂ ಮಾಡಿ, 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಒತ್ತಡ ಹೆಚ್ಚಿದ್ದವರಲ್ಲಿ ನಿಜವಾದ ಛೇದನಕ್ಕೆ ಒಳಗಾದ 11 ಮಂದಿಯಲ್ಲಿ 10 ಮಂದಿ ಒಂದು ವರ್ಷದ ನಂತರ ಸುಧಾರಿಸಿದ್ದರು. ಹುಸಿ ಛೇದನದ 12 ಮಂದಿಯಲ್ಲಿ ಸುಧಾರಿಸಿದವರು ಮೂವರು. ಸಂಖ್ಯೆ ಚಿಕ್ಕದಾದರೂ ವಿನ್ಯಾಸ ಪ್ರಾಮಾಣಿಕವಾಗಿತ್ತು. ಮುಂದಿನ ತಪ್ಪು ಇದ್ದದ್ದು ಈ ಪ್ರಯೋಗದಲ್ಲಲ್ಲ, ಅದರ ಅರ್ಥವನ್ನು ಹಿಗ್ಗಿಸಿದುದರಲ್ಲಿ. ಎರಡನೆಯ ವರ್ಗದಲ್ಲಿ ಕಂಡ ಲಾಭ ಮೂರನೆಯ ವರ್ಗದಲ್ಲಿಯೂ ಕಾಣಬೇಕೆಂಬ ಊಹೆಯ ಮೇಲೆ, ಸುಮಾರು ಕಾಲು ಶತಮಾನ ಕಾಲ, ಮುಖ್ಯವಾಗಿ ಅಮೆರಿಕದಲ್ಲಿ, ಅಸಂಖ್ಯಾತ ರೋಗಿಗಳ ಸ್ಫಿಂಕ್ಟರುಗಳು ಛೇದನಕ್ಕೊಳಗಾದವು. ಅವರಲ್ಲಿ ಬಹುಪಾಲು ಮಹಿಳೆಯರು. 'ಸ್ವಲ್ಪ ಹಾಯೆನಿಸಿದೆ' ಎಂದು ಹೇಳಿ ಹೋದ ರೋಗಿಯ ಮಾತು ವೈದ್ಯನ ವಿಶ್ವಾಸವನ್ನು ಬಲಪಡಿಸುತ್ತ ಹೋಯಿತು.

ಈ ವಿಶ್ವಾಸವನ್ನು ಒರೆಗೆ ಹಚ್ಚಿದವರು ಪೀಟರ್ ಕಾಟನ್ ನೇತೃತ್ವದ ತಂಡ. ಎಪ್ಪತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಇ.ಆರ್.ಸಿ.ಪಿ.ಯನ್ನು ಬೆಳೆಸಿದ ಮೊದಲಿಗರಲ್ಲಿ ಒಬ್ಬರಾದ ಕಾಟನ್, ತಾವೇ ಹರಡಿದ ವಿದ್ಯೆಯ ಒಂದು ಪ್ರಮುಖ ಉಪಯೋಗವನ್ನು ಪರೀಕ್ಷೆಗೆ ಒಡ್ಡಿದುದು ಉಲ್ಲೇಖಾರ್ಹ. 'ಎಪಿಸೋಡ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಅಮೆರಿಕದ ಏಳು ಕೇಂದ್ರಗಳಿಂದ, 2008 ಮತ್ತು 2012ರ ನಡುವೆ, ಪಿತ್ತಕೋಶ ತೆಗೆಸಿಕೊಂಡಿದ್ದ ಮೂರನೆಯ ವರ್ಗದ 214 ರೋಗಿಗಳು ಸೇರಿದರು. 141 ಮಂದಿಗೆ ಛೇದನ, 73 ಮಂದಿಗೆ ಹುಸಿ ಛೇದನ. ತಮಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ನಂತರ ವಿಚಾರಿಸುವವರಿಗೂ ತಿಳಿಯದು. ಯಶಸ್ಸಿನ ಅಳತೆಯೂ ಕಟ್ಟುನಿಟ್ಟಾಗಿತ್ತು. ಒಂಬತ್ತನೆಯ ಮತ್ತು ಹನ್ನೆರಡನೆಯ ತಿಂಗಳುಗಳಲ್ಲಿ, ಹಿಂದಿನ 90 ದಿನಗಳ ಪೈಕಿ ನೋವಿನಿಂದ ಕೆಲಸ ಕೆಟ್ಟ ದಿನಗಳು ಆರಕ್ಕಿಂತ ಕಡಿಮೆಯಿರಬೇಕು. ಅಫೀಮಿನ ವರ್ಗದ ಔಷಧವಾಗಲಿ ಮತ್ತೊಂದು ಚಿಕಿತ್ಸೆಯಾಗಲಿ ಬೇಕಾಗಿರಬಾರದು.

ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ನಿಜವಾದ ಛೇದನದ ಗುಂಪಿನಲ್ಲಿ ಯಶಸ್ಸು ಶೇಕಡಾ 23, ಹುಸಿ ಛೇದನದ ಗುಂಪಿನಲ್ಲಿ ಶೇಕಡಾ 37. ಕತ್ತರಿಸಿದ್ದರಿಂದ ಲಾಭವಾಗಲಿಲ್ಲವೆಂಬುದಷ್ಟೇ ಅಲ್ಲ, ಕತ್ತರಿಸದವರೇ ತುಸು ಮೇಲಾಗಿದ್ದರು. ಒತ್ತಡಮಾಪನದ ಅಂಕಿಗಳು ಯಾರಿಗೆ ಗುಣವಾಗುವುದೆಂದು ಸೂಚಿಸುವಲ್ಲಿಯೂ ವಿಫಲವಾದವು. ಛೇದನದ ಗುಂಪಿನ ಶೇಕಡಾ 11ರಷ್ಟು, ಹುಸಿ ಗುಂಪಿನ ಶೇಕಡಾ 15ರಷ್ಟು ರೋಗಿಗಳು ಮೇದೋಜೀರಕಾಂಗದ ಉರಿಯೂತಕ್ಕೆ ತುತ್ತಾದರು. ಹುಸಿ ಗುಂಪಿನವರಿಗೂ ಒತ್ತಡಮಾಪನದ ನಳಿಕೆಯನ್ನು ತೂರಿಸಿದ್ದರಿಂದ ಈ ಅಪಾಯದಿಂದ ಅವರೂ ಮುಕ್ತರಾಗಿರಲಿಲ್ಲ. ಈ ರೋಗಿಗಳ ನೋವು ಹುಸಿಯೆಂದು ಇದರಿಂದ ಅರ್ಥ ಮಾಡಬಾರದು. ನೋವು ನಿಜ; ಅದರ ನೆಲೆ ಆ ಬಾಗಿಲಲ್ಲ ಎಂಬುದಷ್ಟೇ ಸಿದ್ಧವಾದದ್ದು.

ಜಠರ ಮತ್ತು ಕರುಳಿನ ಕಾರ್ಯದೋಷಗಳ ವರ್ಗೀಕರಣಕ್ಕಾಗಿ ಕಾಲಕಾಲಕ್ಕೆ ಸೇರುವ ಅಂತಾರಾಷ್ಟ್ರೀಯ ತಜ್ಞರ ಮಂಡಳಿ 2016ರ ತನ್ನ ನಾಲ್ಕನೆಯ ರೋಮ್ ಒಪ್ಪಂದದಲ್ಲಿ ಮೂರನೆಯ ವರ್ಗವನ್ನು ಕೈಬಿಟ್ಟಿತು. ಮೊದಲ ವರ್ಗವನ್ನು ಕಾರ್ಯದೋಷವೆನ್ನದೆ ದ್ವಾರದ ಕಿರಿದಾಗುವಿಕೆ ಎಂದೇ ಕರೆಯಲು ಸೂಚಿಸಿತು. ನಡುವಿನ ಎರಡನೆಯ ವರ್ಗವನ್ನು ಮಾತ್ರ ಶಂಕಿತ ಕಾರ್ಯದೋಷವೆಂದು ಉಳಿಸಿಕೊಂಡಿತು. ವಸ್ತುನಿಷ್ಠ ಚಿಹ್ನೆಗಳಿದ್ದು, ಬೇರೆ ಕಾರಣಗಳನ್ನು ಹುಡುಕಿ ತಳ್ಳಿಹಾಕಿ, ಅಪಾಯವನ್ನು ರೋಗಿಗೆ ಬಿಡಿಸಿ ಹೇಳಿದ ಮೇಲೆ ಈ ವರ್ಗದಲ್ಲಿ ಛೇದನಕ್ಕೆ ಇನ್ನೂ ಸ್ಥಾನವಿದೆ.

ಮೇದೋಜೀರಕ ನಾಳದ ಸ್ಫಿಂಕ್ಟರ್

ಕಾರಣ ತಿಳಿಯದೆ ಮೇದೋಜೀರಕಾಂಗದ ಉರಿಯೂತ ಮತ್ತೆ ಮತ್ತೆ ಮರುಕಳಿಸುವವರಲ್ಲಿ ಅತ್ತ ಕಡೆಯ ಸ್ಫಿಂಕ್ಟರ್ ಬಿಗಿಯಾಗಿರುವುದು ಅನೇಕ ಬಾರಿ ಕಂಡುಬರುತ್ತದೆ. ಅದನ್ನೂ ಛೇದಿಸುವುದು ತಾರ್ಕಿಕವೆಂದು ತೋರಿತು. ಬಿಗಿತ ದೃಢಪಟ್ಟವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಿತ್ತನಾಳದ ಭಾಗವನ್ನು ಮಾತ್ರ, ಇನ್ನೊಂದಕ್ಕೆ ಎರಡೂ ಭಾಗಗಳನ್ನು ಛೇದಿಸಿದ ಕೋಟೆ ಮತ್ತು ಸಂಗಡಿಗರ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಉರಿಯೂತ ಮರುಕಳಿಸಿದ್ದು ಮೊದಲನೆಯ ಗುಂಪಿನ ಶೇಕಡಾ 48.5ರಷ್ಟು ರೋಗಿಗಳಲ್ಲಿ, ಎರಡನೆಯ ಗುಂಪಿನ ಶೇಕಡಾ 47.2ರಷ್ಟು ರೋಗಿಗಳಲ್ಲಿ. ಹೆಚ್ಚುವರಿ ಛೇದನದಿಂದ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ. ಬಿಗಿತವೇ ಉರಿಯೂತದ ಕಾರಣವೋ ಅಥವಾ ಉರಿಯೂತದ ಗಾಯವೇ ಬಿಗಿತವನ್ನು ಉಂಟುಮಾಡಿತೋ ಎಂಬ ಪ್ರಶ್ನೆ ಇದರಿಂದ ಇನ್ನಷ್ಟು ತೀಕ್ಷ್ಣವಾಗಿದೆ. ದೀರ್ಘಕಾಲದ ಉರಿಯೂತದಿಂದ ಮುಖ್ಯ ನಾಳದಲ್ಲಿ ಕಲ್ಲುಗಳಾಗಿ, ಅವುಗಳನ್ನು ಹೊರತೆಗೆಯಲು ದಾರಿ ಬೇಕಾದಾಗ ಮಾಡುವ ಛೇದನದ ಮಾತು ಬೇರೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಉಷ್ಣವಲಯದ ಮೇದೋಜೀರಕಾಂಗದ ವ್ಯಾಧಿಯಲ್ಲಿ ಕಲ್ಲುಗಳನ್ನು ಹೊರಗಿನಿಂದ ಆಘಾತ ತರಂಗಗಳಿಂದ ಪುಡಿಮಾಡಿ ಹೀಗೆ ತೆಗೆಯುವುದು ಫಲಕಾರಿಯಾಗಿದೆ.

ವರ್ಗೀಕರಣದಿಂದ ಹೊರಬಿದ್ದ ರೋಗಿ

ಮೂರನೆಯ ವರ್ಗ ಪುಸ್ತಕದಿಂದ ಮರೆಯಾದರೂ ಅದರಲ್ಲಿದ್ದ ರೋಗಿಗಳು ಮರೆಯಾಗಲಿಲ್ಲ. ಅವರಿಗೆ ಏನು ಚಿಕಿತ್ಸೆ ಎಂಬ ಪ್ರಶ್ನೆಗೆ ದೊರೆತಿರುವ ಉತ್ತರಗಳು ಇನ್ನೂ ಅಪೂರ್ಣ. ನಿಫೆಡಿಪಿನ್‌ನಂತಹ ಸ್ನಾಯು ಸಡಿಲಿಸುವ ಔಷಧಗಳನ್ನೂ, ನೋವಿನ ಸಂವೇದನೆಯನ್ನು ತಗ್ಗಿಸುವ ಉದ್ದೇಶದಿಂದ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನನ್ನೂ ಕೊಟ್ಟು ನೋಡುವುದುಂಟು. ಇವುಗಳ ಆಧಾರ ಸಣ್ಣ ಅಧ್ಯಯನಗಳಷ್ಟೆ. ಅಫೀಮಿನ ವರ್ಗದ ನೋವು ನಿವಾರಕಗಳು ಬಾಗಿಲನ್ನು ಮತ್ತಷ್ಟು ಬಿಗಿಯುವುದರಿಂದ ಅವುಗಳನ್ನು ತ್ಯಜಿಸುವುದು ಮೊದಲ ಹೆಜ್ಜೆ. ಜಠರದ ಹುಣ್ಣು, ಆಮ್ಲದ ಹಿಮ್ಮುಖ ಹರಿವು, ಕರುಳಿನ ಕೆರಳಿಕೆ, ಹೃದಯದ ತೊಂದರೆ ಇವೆಲ್ಲವನ್ನೂ ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ.

ಹಾಗೆ ಪರಿಶೀಲಿಸುವಾಗ ಬಹುಸಲ ಮರೆತುಹೋಗುವ ಕಾರಣವೊಂದಿದೆ: ಹೊಟ್ಟೆಯ ಗೋಡೆಯಲ್ಲಿಯೇ ನರವೊಂದು ಸಿಕ್ಕಿಕೊಂಡು ಹುಟ್ಟುವ ನೋವು. ಹಿಂದಿನ ಶಸ್ತ್ರಕ್ರಿಯೆಯ ಗಾಯದ ಸಮೀಪದಲ್ಲಿ ಇದು ಉಂಟಾಗಬಹುದು. ಇದನ್ನು ಪತ್ತೆಹಚ್ಚಲು ಅಮೆರಿಕದ ಶಸ್ತ್ರವೈದ್ಯ ಕಾರ್ನೆಟ್ 1926ರಲ್ಲಿ ವಿವರಿಸಿದ ಪರೀಕ್ಷೆಗೆ ಉಪಕರಣವೇ ಬೇಡ. ಅಂಗಾತ ಮಲಗಿದ ರೋಗಿಯ ನೋವಿನ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದು, ತಲೆ ಮತ್ತು ಭುಜಗಳನ್ನು ಎತ್ತುವಂತೆ ಹೇಳಬೇಕು. ಹೊಟ್ಟೆಯ ಸ್ನಾಯುಗಳು ಬಿಗಿದುಕೊಂಡಾಗ ಒಳಗಿನ ಅಂಗದ ನೋವಾದರೆ ತಗ್ಗುತ್ತದೆ, ಗೋಡೆಯ ನೋವಾದರೆ ತಗ್ಗದೆ ಉಳಿಯುತ್ತದೆ ಅಥವಾ ಹೆಚ್ಚುತ್ತದೆ. ಎರಡನೆಯ ಪಕ್ಷದಲ್ಲಿ ಅದೇ ಬಿಂದುವಿಗೆ ಚುಚ್ಚಿದ ಸ್ಥಳೀಯ ಅರಿವಳಿಕೆ ಮದ್ದು, ಎಂಡೋಸ್ಕೋಪನ್ನು ಮುಟ್ಟುವ ಮೊದಲೇ, ವರ್ಷಗಳ ನೋವಿಗೆ ಶಮನ ತರಬಲ್ಲುದು.